ಕೊಳಚೆ ಬರದಿದ್ದರೂ ಕಂಪನಿಗೆ ದುಡ್ಡು ಕೊಡಬೇಕಾ? ಎಸ್‌ಟಿಪಿ ಕರಾರು ಓದಿದವರು ಹೇಳಿ

ಮಧುವಾಹಿನಿ ದಂಡೆ (ಕಾಸರಗೋಡು)

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಹಕಾರಿ ಬ್ಯಾಂಕಿನಲ್ಲಿ 31 ವರ್ಷ ಸಾಲದ ಕಡತ ನೋಡಿದವನು. ನಿವೃತ್ತಿಯಾದ ಮೇಲೆ ತೋಟ, ಮೊಮ್ಮಗಳು, ಸಂಜೆ ಪೇಟೆಗೆ ಒಂದು ಸುತ್ತು, ಅಷ್ಟೇ ಅಂದುಕೊಂಡಿದ್ದೆ. ಈಗ 84 ಪುಟದ ಒಂದು ಕಟ್ಟು ಮೇಜಿನ ಮೇಲೆ ಬಂದು ಕೂತಿದೆ.

ನಮ್ಮ ಊರಿಗೆ (ಹೆಸರು ಸದ್ಯಕ್ಕೆ ಬೇಡ) ಕೊಳಚೆ ನೀರು ಶುದ್ಧ ಮಾಡುವ ಘಟಕ (ಎಸ್‌ಟಿಪಿ) ಬರುತ್ತದಂತೆ. 5 ಎಂಎಲ್‌ಡಿ, ಅಂದರೆ ದಿನಕ್ಕೆ 50 ಲಕ್ಷ ಲೀಟರ್. ಪಿಪಿಪಿ, ಅಂದರೆ ಸರ್ಕಾರ ಮತ್ತು ಖಾಸಗಿ ಕಂಪನಿ ಸೇರಿ ಮಾಡುವ ಲೆಕ್ಕದಲ್ಲಿ. ಕಂಪನಿಯೇ ಕಟ್ಟಿ 15 ವರ್ಷ ನಡೆಸುವುದು. ಕಟ್ಟುವ ಖರ್ಚಿನಲ್ಲಿ ನೂರಕ್ಕೆ 40 ಭಾಗ ಕಟ್ಟುವಾಗಲೇ ಸರ್ಕಾರದ ಕಡೆಯಿಂದ ಸಿಗುತ್ತದೆ. ಉಳಿದ 60 ಭಾಗ ಕಂಪನಿ ಹಾಕಿ, ಆಮೇಲೆ ಬಡ್ಡಿ ಸಮೇತ ಕಂತಿನಲ್ಲಿ ವಾಪಸ್ ತೆಗೆದುಕೊಳ್ಳುತ್ತದೆ. ನಡೆಸುವ ಖರ್ಚು ಬೇರೆ. ವಾರ್ಡಿನ ಸಭೆಯಲ್ಲಿ ಕರಡು ಹಂಚಿದರು. ಇಂಗ್ಲಿಷಿನಲ್ಲಿ ಪೂರ್ತಿ, ಮಲಯಾಳದಲ್ಲಿ 6 ಪುಟದ ಸಾರಾಂಶ. ಕನ್ನಡದಲ್ಲಿ ಎಷ್ಟು ಪುಟ ಅಂತ ಮಾತ್ರ ಕೇಳಬೇಡಿ. "ನೀವು ಬ್ಯಾಂಕಿನವರಲ್ವಾ ಅಣ್ಣ, ಓದಿ ಹೇಳಿ" ಅಂತ ನನ್ನ ಕೈಗೆ ತುರುಕಿದರು.

ಸಭೆಗೆ ಬಂದಿದ್ದ ಅಧಿಕಾರಿ ಒಂದೇ ಮಾತನ್ನು ಮೂರು ಸಲ ಹೇಳಿದರು: "ರಿಸ್ಕ್ ಎಲ್ಲ ಕಂಪನಿಯ ಮೇಲೆ ಹಾಕಿದ್ದೇವೆ." ಈ ಮಾತು ಕೇಳಿದರೆ ಬ್ಯಾಂಕಿನಲ್ಲಿದ್ದವನ ಕಿವಿ ನೆಟ್ಟಗಾಗುತ್ತದೆ. ಜಾಮೀನಿಗೆ ಸಹಿ ಹಾಕುವವನೂ ನಗುತ್ತಲೇ ಹಾಕಿರುತ್ತಾನೆ.

37ನೇ ಪುಟದಲ್ಲಿ ಸಿಕ್ಕಿತು. ಘಟಕಕ್ಕೆ ಎಷ್ಟೇ ನೀರು ಬರಲಿ, ದಿನಕ್ಕೆ ಕಡಿಮೆ ಅಂದರೂ 4 ಎಂಎಲ್‌ಡಿ ಬಂತು ಅಂತ ಲೆಕ್ಕ ಹಿಡಿದು ಹಣ ಕೊಡಬೇಕು. ಮೊದಲ ದಿನದಿಂದಲೇ.

5 ಎಂಎಲ್‌ಡಿ ಅನ್ನುವುದು ಎಲ್ಲಿಂದ ಬಂತು ಅಂತ ನೋಡಿದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ 80 ಭಾಗ ಕೊಳಚೆಯಾಗಿ ಹೊರಗೆ ಬರುತ್ತದೆ, ಅಂದರೆ 108 ಲೀಟರ್. ಅದಕ್ಕೆ 46 ಸಾವಿರ ಜನರ ಗುಣಾಕಾರ. ಕಾಗದದ ಮೇಲೆ ಸರಿ ಇದೆ. ಆದರೆ ನಮ್ಮ ಕಡೆ ಮನೆ ಹೇಗಿರುತ್ತದೆ? ಬಚ್ಚಲ ನೀರು ಬಾಳೆ ಬುಡಕ್ಕೆ. ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ. ಕಕ್ಕಸಿನದ್ದು ಗುಂಡಿಗೆ. ಭಾನುವಾರ ಸುಮ್ನೆ ನಮ್ಮ ಓಣಿಯಲ್ಲಿ ನಡೆದು ಎಣಿಸಿದೆ. 23 ಮನೆ. 17 ಮನೆಯಲ್ಲಿ ಹೊರಗೆ ಬಿಡಬೇಕಾದ ನೀರು ಅಂತಲೇ ಇಲ್ಲ! ನೀರು ಎಲ್ಲಿ ಬಿಡುವುದು ಅಂತ ತಲೆಬಿಸಿ ಇರುವುದು ಎರಡು ಫ್ಲ್ಯಾಟಿನವರಿಗೆ ಮತ್ತು ಬಸ್‌ಸ್ಟ್ಯಾಂಡ್ ಪಕ್ಕದ ಲಾಡ್ಜಿನವನಿಗೆ.

ಹಾಗಾದರೆ ಬಾರದ ಕೊಳಚೆಗೆ 15 ವರ್ಷ ದುಡ್ಡು ಕೊಡುವುದಾ? ಇದು ಮೋಸವಾ, ಅಥವಾ ಎಲ್ಲ ಕಡೆ ಹೀಗೆಯೇ ಇರುತ್ತದಾ? ಮತ್ತೊಂದು ವಿಷಯ. ಇಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3,500 ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಬಾವಿಗೆ ಹಗ್ಗವೇ ಬೇಡ, ಬಗ್ಗಿ ಚೊಂಬಿನಲ್ಲಿ ಮೊಗೆಯಬಹುದು. ಆಗ ಆ ಪೈಪಿನೊಳಗೆ ಏನಾಗುತ್ತದೆ ಅಂತ 84 ಪುಟದಲ್ಲಿ ಒಂದು ಸಾಲೂ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ. ಗುರುವಾರ ಮತ್ತೆ ಸಭೆ ಇದೆ.

ಬ್ಲೋವರ್ ರೂಮ್ (ಹೊಸೂರು)

ಸಾರ್, ನಮಸ್ಕಾರ. ನಾನು 12 ವರ್ಷ ಎಸ್‌ಟಿಪಿಯಲ್ಲಿ ಇದ್ದವನು. ಕೆಮಿಸ್ಟ್ ಅಂತ ಸೇರಿ, ಆಮೇಲೆ ಶಿಫ್ಟ್ ನೋಡಿಕೊಂಡೆ. ಕಂಪನಿ ಕಡೆಯವನಾಗಿಯೇ ಕೆಲಸ ಮಾಡಿದ್ದು, ಅದನ್ನು ಗಮನದಲ್ಲಿ ಇಟ್ಟುಕೊಂಡೇ ಓದಿ. ನಮ್ಮದು ಹೊಸೂರು. ಬೆಂಗಳೂರಿನ ಕೊಳಚೆ ದಕ್ಷಿಣ ಪಿನಾಕಿನಿಯಲ್ಲಿ ಇಳಿದು ಬಂದು ಕೆಲವರಪಳ್ಳಿ ಡ್ಯಾಂ ಹತ್ತಿರ ನೊರೆ ಏಳುವುದನ್ನು ನೋಡಿದ ಊರು. ಘಟಕ ಬೇಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

37ನೇ ಪುಟ ಮೋಸ ಅಲ್ಲ ಸಾರ್. ಆದರೆ ಬರೆದಿರುವ ರೀತಿ ಸರಿ ಇಲ್ಲ. ಕಂಪನಿಯವನ ಕೈಯಲ್ಲಿ ಏನಿದೆ, ಏನಿಲ್ಲ, ಮೊದಲು ಅದನ್ನು ನೋಡಿ. ಟ್ಯಾಂಕು ಸೋರಿದರೆ, ಪಂಪು ಸುಟ್ಟರೆ, ಕೆಲಸದವರು ನಿದ್ದೆ ಮಾಡಿದರೆ ಅದು ಅವನ ತಲೆಗೆ. ಅದನ್ನು ಪೂರ್ತಿ ಅವನ ಮೇಲೇ ಹಾಕಿ, ಮುಲಾಜು ಬೇಡ. ಆದರೆ ನಿಮ್ಮ ಓಣಿಯ 17 ಮನೆಯವರು ಬಾಳೆ ಬುಡದ ಪೈಪು ಕಿತ್ತು ಮ್ಯಾನ್‌ಹೋಲಿಗೆ ಜೋಡಿಸುತ್ತಾರಾ ಇಲ್ಲವಾ ಅನ್ನುವುದು ಅವನ ಕೈಯಲ್ಲಿ ಇಲ್ಲ. ಅದನ್ನೂ ಅವನ ಮೇಲೆ ಹಾಕಿದರೆ ಏನು ಮಾಡುತ್ತಾನೆ? ಒಂದೋ ಟೆಂಡರೇ ಹಾಕುವುದಿಲ್ಲ, ಇಲ್ಲ ಆ ಭಯಕ್ಕೂ ಸೇರಿಸಿ ರೇಟು ಬರೆಯುತ್ತಾನೆ. ದುಡ್ಡು ನಿಮ್ಮದೇ.

ನಾನು ಸೇರಿದ ಮೊದಲ ಘಟಕ 8 ಎಂಎಲ್‌ಡಿಯದ್ದು. ಉದ್ಘಾಟನೆ ಆದ ದಿನ ಬಂದದ್ದು ಒಂದೂವರೆ. ಘಟಕ ರೆಡಿ, ಪೈಪು ಅರ್ಧ, ಮನೆ ಸಂಪರ್ಕ ಹೆಸರಿಗೆ. ನೀರು ಕಡಿಮೆ ಬಂದರೆ ಖರ್ಚು ಕಡಿಮೆ ಅಂದುಕೊಳ್ಳಬೇಡಿ. ಟ್ಯಾಂಕಿನಲ್ಲಿ ಕಣ್ಣಿಗೆ ಕಾಣದ ಜೀವ ಇರುತ್ತದೆ, ನಾವು ಬಗ್ಸ್ ಅನ್ನುತ್ತೇವೆ. ಕೊಳಚೆ ತಿನ್ನುವುದು ಅವು. ಊಟ ಇಲ್ಲದಿದ್ದರೆ ಸಾಯುತ್ತವೆ. ಮೂರು ತಿಂಗಳು ಟ್ಯಾಂಕಿಗೆ ಸಗಣಿ ಕರಡಿದ ನೀರು, ಬೆಲ್ಲ ಹಾಕಿ ಸಾಕಿದ್ದೇವೆ. ಸಗಣಿ ತಂದುಕೊಡುತ್ತಿದ್ದ ಹಾಲಿನವನು ದಿನಾ ನಗುತ್ತಿದ್ದ, "ಏನ್ ಸಾಮಿ, ಇಷ್ಟು ದೊಡ್ಡ ಫ್ಯಾಕ್ಟರಿಗೆ ನಮ್ಮ ಎಮ್ಮೆನೇ ಗತಿ" ಅಂತ.

ಹಾಗಾಗಿ ಕನಿಷ್ಠ ಮೊತ್ತ ಅನ್ನುವುದು ಇರಲಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಇರಲಿ. ಮೊದಲ ವರ್ಷ ಒಂದೂವರೆ ಎಂಎಲ್‌ಡಿ ಲೆಕ್ಕ, ಆಮೇಲೆ ಮನೆ ಸಂಪರ್ಕ ಎಷ್ಟಾಯಿತೋ ಅದನ್ನು ನೋಡಿ ಏರಿಸುವುದು. ಘಟಕವನ್ನೂ ಎರಡು ಭಾಗ ಮಾಡಿ ಕಟ್ಟಬಹುದು: ಈಗ ಎರಡೂವರೆ, ಆಮೇಲೆ ಎರಡೂವರೆ. ಮತ್ತೆ ಬಿಲ್ಲನ್ನು ಒಡೆಯಿರಿ. ಸಾಲದ ಕಂತು, ಜನರ ಸಂಬಳ ಒಂದು ಕಡೆ, ಇವು ನೀರು ಬಂದರೂ ಬಾರದಿದ್ದರೂ ಇರುತ್ತವೆ. ಕರೆಂಟು, ಕೆಮಿಕಲ್ಲು ಇನ್ನೊಂದು ಕಡೆ, ಅದು ಬಂದ ನೀರಿಗೆ ತಕ್ಕ ಹಾಗೆ. ಕರೆಂಟಿನಲ್ಲೂ ಎರಡು ಇದೆ. ಹತ್ತು ಲಕ್ಷ ಲೀಟರ್ ಶುದ್ಧ ಮಾಡಲು ಎಷ್ಟು ಯೂನಿಟ್ ಅಂತ ಕಂಪನಿಯೇ ಟೆಂಡರಿನಲ್ಲಿ ಬರೆದುಕೊಡಬೇಕು, ಅದಕ್ಕಿಂತ ಜಾಸ್ತಿ ಉರಿಸಿದರೆ ಅವನ ಕೈಯಿಂದ. ಯೂನಿಟ್ಟಿನ ದರ ಏರಿದರೆ ಅದು ನಗರಸಭೆಗೆ, ಯಾಕೆಂದರೆ ದರ ಅವನು ಏರಿಸಿದ್ದಲ್ಲ.

ಚೆನ್ನೈ ಪಕ್ಕದ ಆಲಂದೂರು ಗೊತ್ತಿರಬಹುದು. ಆಗ ಅದು ಬೇರೆಯೇ ಪುರಸಭೆ. 1990ರ ದಶಕದ ಕೊನೆಯಲ್ಲಿ ಒಳಚರಂಡಿಗೆ ಕೈ ಹಾಕುವ ಮೊದಲೇ ಮನೆಗೆ 5,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಘಟಕ ಖಾಸಗಿಯವರದ್ದು, ಅವರಿಗೆ ಕನಿಷ್ಠ ಹಣದ ಖಾತ್ರಿಯನ್ನೂ ಪುರಸಭೆ ಕೊಟ್ಟಿತ್ತು. ಆದರೆ ಮುಂಗಡ ಕಟ್ಟಿದವನು ಸಂಪರ್ಕ ತೆಗೆದುಕೊಳ್ಳದೆ ಇರುತ್ತಾನಾ? ಆ ಧೈರ್ಯದ ಮೇಲೆ ಖಾತ್ರಿ ಕೊಟ್ಟರು. ನಿಮ್ಮ ಕರಡಿನಲ್ಲಿ ಖಾತ್ರಿ ಇದೆ, ಮುಂಗಡ ಎಲ್ಲಿದೆ ಹುಡುಕಿ.

ಇನ್ನೊಂದು ಹೇಳಲೇಬೇಕು. ಒಳಗೆ ಬರುವ ನೀರು ಹೇಗಿರಬೇಕು ಅಂತ ಕರಡಿನಲ್ಲಿ ಇದೆಯಾ? ದಿನಾ ಬೆಳಿಗ್ಗೆ ನಾವು ಮಾಡುವ ಮೊದಲ ಕೆಲಸ, ಟ್ಯಾಂಕಿನ ನೀರನ್ನು ಒಂದು ಲೀಟರಿನ ಗಾಜಿನ ಸಿಲಿಂಡರಿಗೆ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡುವುದು. ಚೆನ್ನಾಗಿದ್ದ ದಿನ ಕಾಫಿ ಬಣ್ಣದ ಕೆಸರು 300ರ ಗೆರೆಯವರೆಗೆ ಕೂತು, ಮೇಲೆ ಎಳನೀರಿನ ಹಾಗೆ ತಿಳಿ ನಿಲ್ಲುತ್ತದೆ. ಒಂದು ಭಾನುವಾರ ಬೆಳಿಗ್ಗೆ ಸಿಲಿಂಡರ್ ಇಟ್ಟೆ, ಅರ್ಧ ಗಂಟೆಯಾದರೂ ಕಪ್ಪಗೆ ಹಾಗೇ ನಿಂತಿತ್ತು. ಕೊಳೆತ ಮೊಟ್ಟೆ ವಾಸನೆ. ರಾತ್ರಿ ಯಾರೋ ಟ್ಯಾಂಕರಿನಲ್ಲಿ ತಂದ ಆಸಿಡ್ ನೀರನ್ನು ಮ್ಯಾನ್‌ಹೋಲಿಗೆ ಬಿಟ್ಟಿದ್ದರು. ಬಗ್ಸ್ ಎಲ್ಲ ಸತ್ತಿದ್ದವು. ಬೇರೆ ಘಟಕದಿಂದ ಆರು ಟ್ಯಾಂಕರ್ ಕೆಸರು ತಂದು ಹಾಕಿ, ಸಿಲಿಂಡರಿನಲ್ಲಿ ಮತ್ತೆ ತಿಳಿ ಕಾಣಲು 19 ದಿನ ಬೇಕಾಯಿತು. ಆ 19 ದಿನಕ್ಕೂ ದಂಡ ಬಿತ್ತು. ಕರಾರಿನಲ್ಲಿ ಹೊರಗೆ ಹೋಗುವ ನೀರಿನ ಲೆಕ್ಕ ಮಾತ್ರ ಇತ್ತು, ಒಳಗೆ ಬರುವುದರ ಮಾತೇ ಇರಲಿಲ್ಲ. ಬಿಒಡಿ (ನೀರಿನಲ್ಲಿರುವ ಕೊಳೆ ತಿನ್ನಲು ಬಗ್ಸ್‌ಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ) ಪರೀಕ್ಷೆಗೆ 27 ಡಿಗ್ರಿಯಲ್ಲಿ ಮೂರು ದಿನ ಇಡಬೇಕು ಸಾರ್. ಫಲಿತಾಂಶ ಕೈಗೆ ಬರುವಾಗ ತಪ್ಪು ಮಾಡಿದ ಟ್ಯಾಂಕರು ಯಾವ ಊರು ಸೇರಿರುತ್ತದೋ! ಅವತ್ತಿನಿಂದ ನಾಲ್ಕು ಗಂಟೆಗೊಮ್ಮೆ ಒಳಬರುವ ನೀರನ್ನು ಒಂದು ಬಾಟಲಿಗೆ ಹಿಡಿದು, ದಿನಾಂಕ ಬರೆದು ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಆ ಫ್ರಿಜ್ಜಿನಲ್ಲಿ ಮೊಸರು ಇಡಲು ಒಬ್ಬನೂ ಬರಲಿಲ್ಲ.

ಸೀನಾ ತೀರ (ಸೊಲ್ಲಾಪುರ)

ಸಾಹೇಬ್ರೆ, ಹೊಸೂರಿನವರು ಹೇಳಿದ್ದು ಸರಿ, ಆದರೆ ಅದು ಕಂಪನಿ ಬಾಗಿಲಿನಿಂದ ಕಂಡದ್ದು. ನಾನು ಸಣ್ಣದೊಂದು ನಗರಪರಿಷತ್ತಿನ ಲೆಕ್ಕ ಶಾಖೆಯಲ್ಲಿದ್ದೆ. ಅಲ್ಲಿಂದ ಕಂಡದ್ದು ಬೇರೆ.

ನಮ್ಮಲ್ಲಿ ಕರಾರು ಬಹಳ ಚಂದ ಇತ್ತು. ಬಿಲ್ಲು 30 ದಿನದಲ್ಲಿ ಪಾವತಿ ಅಂತ. ಕೊಟ್ಟದ್ದು ಎಂಟು ತಿಂಗಳಿಗೆ. ಖಜಾನೆಯಲ್ಲಿ ಇದ್ದರೆ ತಾನೇ ಕೊಡುವುದು? ಮೊದಲು ಸಂಬಳ, ಆಮೇಲೆ ಕುಡಿಯುವ ನೀರಿನ ಕರೆಂಟು ಬಿಲ್ಲು, ಆಮೇಲೆ ಗಣಪತಿ ಹಬ್ಬದ ರಸ್ತೆ ಗುಂಡಿ. ಕೊಳಚೆಗೆ ಕೊನೆಯ ಸಾಲು. ನನ್ನ ಮನೆ ಘಟಕದಿಂದ ಅರ್ಧ ಕಿಲೋಮೀಟರ್. ರಾತ್ರಿಯಿಡೀ ಬ್ಲೋವರಿನ (ಟ್ಯಾಂಕಿಗೆ ಗಾಳಿ ಊದುವ ಯಂತ್ರ) ಗುಂಯ್ ಸದ್ದು ಕೇಳುತ್ತಿತ್ತು. ಐದನೇ ತಿಂಗಳಿಗೆ ರಾತ್ರಿ ಹನ್ನೊಂದಕ್ಕೆ ಸದ್ದು ನಿಲ್ಲತೊಡಗಿತು, ಬೆಳಿಗ್ಗೆ ಆರಕ್ಕೆ ಮತ್ತೆ ಶುರು. ಕರೆಂಟು ಉಳಿಸುತ್ತಿದ್ದರು. ಬಾಕಿ ಇಟ್ಟವರು ನಾವು, ಯಾವ ಮುಖ ಇಟ್ಟುಕೊಂಡು ಕೇಳುವುದು? ಹೆಂಡತಿ ಮಾತ್ರ "ಈಗ ಚಲೋ ನಿದ್ದೆ ಬರತದ" ಅಂದಳು.

ಅದಕ್ಕೇ ಹೇಳುವುದು, ಹಣ ಎಲ್ಲಿಂದ ಬಂದು ಯಾವ ಖಾತೆಯಲ್ಲಿ ನಿಲ್ಲುತ್ತದೆ ಅಂತ ಮೊದಲು ನೋಡ್ರಿ. ಈ 40-60ರ ಪದ್ಧತಿಗೆ ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟದ್ದು ಗಂಗಾ ನದಿಯ ಶುದ್ಧೀಕರಣಕ್ಕಾಗಿ. 2017ರಲ್ಲಿ ವಾರಾಣಸಿ, ಹರಿದ್ವಾರದ ಘಟಕಗಳಿಗೆ ಮೊದಲ ಕರಾರು ಆಯಿತು. ಅಲ್ಲಿ ಕಂಪನಿ ಮತ್ತು ರಾಜ್ಯದ ಸಂಸ್ಥೆ ಮಾತ್ರ ಅಲ್ಲ, ಕೇಂದ್ರದ ಗಂಗಾ ಮಿಷನ್ ಕೂಡ ಕರಾರಿಗೆ ಸಹಿ ಹಾಕಿದೆ, ಹಣಕ್ಕೆ ಎಸ್ಕ್ರೋ ಖಾತೆ (ಆ ಕೆಲಸಕ್ಕೆ ಮಾತ್ರ ತೆಗೆಯಬಹುದಾದ ಹಣ ಬ್ಯಾಂಕಿನ ಕಾವಲಿನಲ್ಲಿ ಇರುವ ಖಾತೆ) ಇದೆ. ಗಂಗೆಗೆ ದಿಲ್ಲಿ ಇದೆ. ನಿಮ್ಮ ನಗರಸಭೆಯ ಬೆನ್ನಿಗೆ ಯಾರು? ಎಸ್ಕ್ರೋದಲ್ಲಿ ಕನಿಷ್ಠ ಮೂರು ತಿಂಗಳ ಹಣ ಮೊದಲೇ ಕೂತಿರಬೇಕು ಅಂತ ಬರೆಸಿ.

ಇನ್ನು ಶುದ್ಧ ಮಾಡಿದ ನೀರು ಮಾರಿ ಖರ್ಚು ತೆಗೆಯುತ್ತೇವೆ ಅಂತ ಯಾರಾದರೂ ಅಂದರೆ ಜೋರಾಗಿ ನಕ್ಕುಬಿಡಿ. ನಾಗಪುರದಲ್ಲಿ ಆಗಿದೆ, ಭಾಂಡೇವಾಡಿಯ ನೀರು ಕೊರಾಡಿಯ ವಿದ್ಯುತ್ ಸ್ಥಾವರಕ್ಕೆ ಹೋಗುತ್ತದೆ. 50 ಕಿಲೋಮೀಟರ್ ಒಳಗೆ ಇರುವ ಉಷ್ಣ ಸ್ಥಾವರ ಇಂಥ ನೀರನ್ನೇ ಬಳಸಬೇಕು ಅಂತ 2016ರ ವಿದ್ಯುತ್ ದರ ನೀತಿಯಲ್ಲೇ ಇದೆ. ನಮ್ಮ ಬಿಸಿಲೂರಿಗೆ ಅದು ಸರಿ. ನಿಮ್ಮಲ್ಲಿ ಜೂನ್ ತಿಂಗಳಲ್ಲಿ ನೀರು ಕೊಳ್ಳುವವ ಯಾರಿದ್ದಾನೆ?

ಮತ್ತೆ, "ರಿಸ್ಕ್ ಎಲ್ಲ ಕಂಪನಿಯ ಮೇಲೆ" ಅಂದವರಿಗೆ ಕರಾರು ರದ್ದಾದರೆ ಕೊಡಬೇಕಾದ ಹಣದ ಪುಟ ತೋರಿಸಿ. ಬ್ಯಾಂಕಿನ ಬಾಕಿ ಸಾಲ ಯಾರು ತೀರಿಸಬೇಕು ಅಂತ ಅಲ್ಲಿರುತ್ತದೆ. ಕಂಪನಿ ಬಿಟ್ಟು ಹೋಗಬಹುದು, ಕೊಳಚೆ ಹೋಗುವುದಿಲ್ಲ.

ಸುರಂಗದ ನೀರು (ಮುಳ್ಳೇರಿಯ)

ಅಣ್ಣ, ಒಂದು ತಕರಾರು. ನೀವು "ಹೊರಗೆ ಬಿಡುವ ನೀರೇ ಇಲ್ಲ" ಅಂದಿರಿ. ಬಚ್ಚಲ ನೀರಿನ ಮಟ್ಟಿಗೆ ಒಪ್ಪಿದೆ. ಆದರೆ ಕಕ್ಕಸು ಗುಂಡಿಯದ್ದು ಎಲ್ಲಿಗೆ ಹೋಗುತ್ತದೆ? ನಮ್ಮದು ಮುರಕಲ್ಲು. ಉದ್ದಕ್ಕೂ ತೂತು. ಮೇಲಿನ ಮನೆಯ ಗುಂಡಿ, ಕೆಳಗಿನ ಮನೆಯ ಬಾವಿ. ಕಳೆದ ವರ್ಷ ಅಮ್ಮನಿಗೆ ಹೊಟ್ಟೆ ಕೆಟ್ಟಾಗ ನಮ್ಮ ಬಾವಿ ನೀರು ಪರೀಕ್ಷೆ ಮಾಡಿಸಿದೆ. ಇ-ಕೋಲಿ ಇತ್ತು, ಮಲದಿಂದ ಬರುವ ರೋಗಾಣು. ನೋಡಲು ಎಷ್ಟು ತಿಳಿ ಗೊತ್ತಾ!

ಗುಂಡಿ ಎತ್ತುವ ಟ್ಯಾಂಕರಿನವರು ರಾತ್ರಿ ಎಲ್ಲಿಗೆ ಸುರಿಯುತ್ತಾರೆ ಅಂತಲೂ ತೋಡಿನ ಬದಿಯವರಿಗೆ ಗೊತ್ತು. ಈ ರಿಸ್ಕ್ ಈಗಲೂ ಯಾರೋ ಹೊರುತ್ತಿದ್ದಾರೆ, ಕರಾರಿನಲ್ಲಿ ಬರೆದಿಲ್ಲ ಅಷ್ಟೇ. ದಯವಿಟ್ಟು ಗುರುವಾರ ನೀವು ಎತ್ತುವ ಪ್ರಶ್ನೆ ಹಿಡಿದುಕೊಂಡು ಯೋಜನೆಯನ್ನೇ ನಿಲ್ಲಿಸುವ ಹಾಗೆ ಆಗಬಾರದು. ಊರಿಡೀ ಪೈಪು ಹಾಕುವ ಬದಲು ಪೇಟೆಗೆ ಮಾತ್ರ ಪೈಪು, ಉಳಿದ ಕಡೆಯ ಗುಂಡಿಯದ್ದನ್ನು ಟ್ಯಾಂಕರಿನಲ್ಲಿ ಅದೇ ಘಟಕಕ್ಕೆ ತರುವುದು ಅಂತ ಕೇಳಿ. ಆಗ 5 ಎಂಎಲ್‌ಡಿಯೂ ಬೇಡ.

ಮಧುವಾಹಿನಿ ದಂಡೆ (ಕಾಸರಗೋಡು)

ಎಲ್ಲರಿಗೂ ಧನ್ಯವಾದ. ತಂಗಿ, ನೀನು ಹೇಳಿದ್ದು ನಾಟಿತು. ಗುಂಡಿಯ ವಿಷಯ ನಾನು ಯೋಚಿಸಿಯೇ ಇರಲಿಲ್ಲ.

ನಿನ್ನೆ ರಾತ್ರಿ ಮತ್ತೆ ಓದಿದೆ. ಪೈಪು ಈ ಕರಾರಿನಲ್ಲಿ ಇಲ್ಲವೇ ಇಲ್ಲ! "ನಗರಸಭೆ ಒದಗಿಸತಕ್ಕದ್ದು" ಅಂತ ಒಂದೇ ಸಾಲು, ತಾರೀಕಿಲ್ಲ. ಅಂದರೆ ಘಟಕ ರೆಡಿಯಾಗಿ ಪೈಪು ಆಗದಿದ್ದರೂ 37ನೇ ಪುಟ ಶುರು. ಮುಂಗಡದ ಮಾತು ಎಲ್ಲೂ ಇಲ್ಲ.

ಬಡ್ಡಿ ವಿಷಯಕ್ಕೆ ಯಾರೂ ಕೈ ಹಾಕಲಿಲ್ಲ, ಅದು ನನ್ನದೇ ಕ್ಷೇತ್ರ, ನಾನೇ ಹೇಳುತ್ತೇನೆ. 60 ಭಾಗದ ಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರಕ್ಕಿಂತ ಶೇಕಡಾ 3 ಜಾಸ್ತಿ ಬಡ್ಡಿ ಅಂತ ಇದೆ, ದರ ಏರಿದರೆ ಅದೂ ಏರುತ್ತದೆ. ಇರಲಿ. ಆದರೆ ಕಟ್ಟಡ ಮುಗಿದು ಎರಡು ವರ್ಷ ಘಟಕ ಸರಿಯಾಗಿ ನಡೆದರೆ ಯಾವ ಬ್ಯಾಂಕಾದರೂ ಆ ಸಾಲವನ್ನು ಕಡಿಮೆ ಬಡ್ಡಿಗೆ ಎತ್ತಿಕೊಳ್ಳುತ್ತದೆ. ಕಟ್ಟುವಾಗಿನ ಭಯ ಮುಗಿದಿರುತ್ತದಲ್ಲ. ಆ ಉಳಿತಾಯ ಪೂರ್ತಿ ಕಂಪನಿಯ ಜೇಬಿಗೆ. ಅರ್ಧ ನಮಗೆ ಬರಲಿ ಅಂತ ಬರೆಯಲು ಹೇಳುತ್ತೇನೆ.

ಹೊಸೂರಿನವರೇ, ಇನ್ನೆರಡು. 52ನೇ ಪುಟದಲ್ಲಿ "ಕಾನೂನು ಬದಲಾದರೆ ಹೆಚ್ಚಿನ ಖರ್ಚು ನಗರಸಭೆಯದ್ದು" ಅಂತ ಇದೆ. ಸರಿಯಾ? ಮತ್ತೆ ಮಳೆಯ ವಿಷಯ ಬಿಟ್ಟೇಬಿಟ್ಟಿರಿ.

ಬ್ಲೋವರ್ ರೂಮ್ (ಹೊಸೂರು)

ಕಾನೂನು ಮೊದಲು. ಕರಡಿನ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ, ಹೊರಗೆ ಬಿಡುವ ನೀರಿನಲ್ಲಿ ಏನೇನು ಎಷ್ಟಿರಬೇಕು ಅಂತ. ಅದರಲ್ಲಿ ಬಿಒಡಿ 30 ಅಂತ ಇದೆಯಾ, 10 ಅಂತ ಇದೆಯಾ ನೋಡಿ. 2017ರ ಅಕ್ಟೋಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಮಹಾನಗರಗಳಿಗೆ ಲೀಟರಿಗೆ 20 ಮಿಲಿಗ್ರಾಂ, ಬೇರೆ ಊರುಗಳಿಗೆ 30 ಅಂತ ಮಾಡಿತು. 2019ರ ಏಪ್ರಿಲಿನಲ್ಲಿ ಹಸಿರು ನ್ಯಾಯಮಂಡಳಿ ಅದು ಸಾಲದು, 10 ಬೇಕು ಅಂದಿತು. ಒಂದೂವರೆ ವರ್ಷದಲ್ಲಿ ಇಷ್ಟು. 30ಕ್ಕೆ ಕಟ್ಟಿದ ಟ್ಯಾಂಕಿನಿಂದ 10 ತೆಗೆಯಬೇಕಾದರೆ ಹಿಂದೆ ಫಿಲ್ಟರ್ ಸೇರಿಸಬೇಕು, ಗಾಳಿ ಜಾಸ್ತಿ ಊದಬೇಕು. ಈಗಲೇ 10 ಅಂತ ಬರೆಸಿದರೆ ಟೆಂಡರಿನಲ್ಲಿ ಪೈಪೋಟಿಯ ರೇಟಿಗೆ ಸಿಗುತ್ತದೆ. ಆಮೇಲೆ ಸೇರಿಸಿದರೆ ಅವನು ಹೇಳಿದ್ದೇ ರೇಟು. 52ನೇ ಪುಟ ಒಟ್ಟಾರೆ ಸರಿ. ಚಿಲ್ಲರೆ ಬದಲಾವಣೆಯನ್ನು ಕಂಪನಿ ನುಂಗಿಕೊಳ್ಳಬೇಕು, ಇಷ್ಟು ರೂಪಾಯಿ ದಾಟಿದ ಮೇಲಷ್ಟೇ ನಗರಸಭೆ ಅಂತ ಒಂದು ಗೆರೆ ಹಾಕಿಸಿ.

ಮಳೆ. ಬೇಕಂತಲೇ ಬಿಟ್ಟಿದ್ದೆ ಸಾರ್, ನಿಮ್ಮ ಕಡೆಯ ಮಳೆ ನೆನೆಸಿಕೊಂಡರೆ ಭಯ. ಮಳೆ ಜೋರಾದರೆ ಜನ ಅಂಗಳದ ನೀರು ಹೋಗಲಿ ಅಂತ ಮ್ಯಾನ್‌ಹೋಲ್ ಮುಚ್ಚಳವನ್ನೇ ಎತ್ತಿಬಿಡುತ್ತಾರೆ. ಪೈಪಿನ ಜೋಡಣೆಯಲ್ಲಿ ಸಣ್ಣ ಬಿರುಕಿದ್ದರೂ ನೆಲದ ನೀರು ಒಳಗೆ ಬರುತ್ತದೆ. ಘಟಕಕ್ಕೆ ಎರಡು ಮೂರು ಪಟ್ಟು ನೀರು. ಟ್ಯಾಂಕಿನ ಬಗ್ಸ್ ಎಲ್ಲ ತೊಳೆದು ಹೊಳೆಗೆ. ಇಲ್ಲಿ ತಪ್ಪು ಪೈಪು ಹಾಕಿದವನದ್ದು, ದಂಡ ಘಟಕ ನಡೆಸುವವನಿಗೆ. ಅದಕ್ಕೇ ಪೈಪು ಒಬ್ಬನಿಗೆ, ಘಟಕ ಇನ್ನೊಬ್ಬನಿಗೆ ಕೊಟ್ಟರೆ ಜಗಳ ಮುಗಿಯುವುದಿಲ್ಲ. ಇಬ್ಬರೂ ನಗರಸಭೆಯ ಕಡೆ ಬೆರಳು ತೋರಿಸುತ್ತಾರೆ.

ಒಂದು ಕೆಲಸ ಮಾಡಿಸಿ. ಪೈಪು ಆದ ಮೇಲೆ, ಘಟಕ ಶುರುವಾಗುವ ಮೊದಲು, ಒಂದು ಮಳೆಗಾಲದ ರಾತ್ರಿ ಮೂರು ಗಂಟೆಗೆ ಕೊನೆಯ ಮ್ಯಾನ್‌ಹೋಲಿನಲ್ಲಿ ನೀರು ಅಳೆಯಬೇಕು. ಕಂಪನಿಯವನು, ನಗರಸಭೆಯವನು ಇಬ್ಬರೂ ನಿಂತು. ಊರೆಲ್ಲ ಮಲಗಿದ ಮೇಲೂ ಪೈಪು ತುಂಬಿ ಹರಿಯುತ್ತಿದ್ದರೆ ಅದು ಕೊಳಚೆ ಅಲ್ಲ, ನೆಲದ ನೀರು. ಆ ಅಳತೆ ಕರಾರಿಗೆ ಅಂಟಿಸಬೇಕು. ಆಮೇಲೆ ಘಟಕದ ಬಾಯಲ್ಲಿ ಗೋಡೆಯ ಮೇಲೆ ಒಂದು ಕೆಂಪು ಗೆರೆ. ಗೆರೆಯವರೆಗೆ ಬಂದದ್ದನ್ನು ಕಂಪನಿ ಶುದ್ಧ ಮಾಡಲೇಬೇಕು. ಗೆರೆ ದಾಟಿದರೆ ಎಷ್ಟು ಗಂಟೆಗೆ ಬೈಪಾಸ್ (ಶುದ್ಧ ಮಾಡದೆ ನೇರ ಹೊರಗೆ ಬಿಡುವ ದಾರಿ) ತೆಗೆದರು, ಎಷ್ಟು ಗಂಟೆಗೆ ಮುಚ್ಚಿದರು, ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ. ಇಲ್ಲದಿದ್ದರೆ ನಾಲ್ಕು ಹನಿ ಬಿದ್ದರೂ ಬೈಪಾಸ್ ತೆಗೆಯುತ್ತಾರೆ. ನಾನೇ ತೆಗೆದಿದ್ದೇನೆ.

ಮಧುವಾಹಿನಿ ದಂಡೆ (ಕಾಸರಗೋಡು)

ಕೊನೆಯ ವಾಕ್ಯಕ್ಕೆ ದೊಡ್ಡ ನಮಸ್ಕಾರ, ಸಾರ್.

ಪಟ್ಟಿ ನೋಡಿದೆ. ಬಿಒಡಿ 30 ಅಂತಲೇ ಇದೆ. ಗುರುವಾರಕ್ಕೆ ಪ್ರಶ್ನೆ ಬರೆದುಕೊಂಡಿದ್ದೇನೆ: ಪೈಪಿನ ತಾರೀಕು, ಮನೆ ಸಂಪರ್ಕದ ಖರ್ಚು ಯಾರದ್ದು, ಮೆಟ್ಟಿಲು ಲೆಕ್ಕ, ಎಸ್ಕ್ರೋ, ಕೆಂಪು ಗೆರೆ, ಟ್ಯಾಂಕರು. ಮಲಯಾಳದಲ್ಲಿ ಕೇಳಬೇಕು, ಮೊಮ್ಮಗಳ ಹತ್ತಿರ ಎರಡು ಸಲ ಓದಿ ಅಭ್ಯಾಸ ಮಾಡಿದೆ. "ಅಜ್ಜ, ನಿಮ್ಮ ಮಲಯಾಳ ಕೇಳಿದರೆ ಕಂಪನಿಯವರು ತಾವಾಗಿಯೇ ಓಡುತ್ತಾರೆ" ಅಂದಳು.

ಸಂಪರ್ಕಕ್ಕೆ ನಮ್ಮ ಓಣಿಯಲ್ಲಿ ಯಾರೆಲ್ಲ ಒಪ್ಪುತ್ತಾರೆ ಅಂತ ಇವತ್ತು ಬೆಳಿಗ್ಗೆ ಮನೆ ಮನೆ ಕೇಳಲು ಹೊರಟೆ. ನಮ್ಮ ಮನೆಯಿಂದಲೇ ಶುರು ಮಾಡಿದೆ. ನೇಂದ್ರ ಬಾಳೆ ಈಗಷ್ಟೇ ಪೂಂಬೆ ಹಾಕಿದೆ, ಗೊನೆ ಬಲಿಯುವವರೆಗೆ ಬಚ್ಚಲ ಪೈಪು ಮುಟ್ಟಿದರೆ ನೋಡಿ ಅಂದಳು ಇವಳು.